ಕವಲು ಹೆಚ್ಚಿದರೆ ಕಥೆ ಹೆಚ್ಚಲ್ಲ

ಓದುಗರೇ ದಾರಿ ಆರಿಸಿಕೊಳ್ಳುವ ಡಿಜಿಟಲ್ ಕಾಮಿಕ್ಸ್ ಮಾಡೋಕೆ ಹೊರಟವರಿಗೆ ಮೊದಲು ಎದುರಾಗೋದು ಚಿತ್ರವಲ್ಲ, ಲೆಕ್ಕ. ಪ್ರತಿ ತಿರುವಿನಲ್ಲೂ ಎರಡು ಆಯ್ಕೆ ಕೊಟ್ಟರೆ, ಹತ್ತು ತಿರುವು ದಾಟೋ ಹೊತ್ತಿಗೆ 1,024 ಕೊನೆಗಳು! ಅಷ್ಟನ್ನೂ ಬಿಡಿಸೋರು ಯಾರು?

ಅಮೆರಿಕದ ಜೇಸನ್ ಶಿಗಾ ಅವರ ‘ಮೀನ್‌ವೈಲ್’ 2010ರಲ್ಲಿ ಪುಸ್ತಕವಾಗಿ ಬಂತು, ಆಮೇಲೆ ಆ್ಯಪ್ ಕೂಡ ಆಯ್ತು. ವೆನಿಲಾನಾ, ಚಾಕೊಲೇಟಾ ಅನ್ನೋ ಐಸ್‌ಕ್ರೀಮ್ ಪ್ರಶ್ನೆಯಿಂದ ಶುರುವಾಗುವ ಅದರಲ್ಲಿ 3,856 ಕಥಾ ಸಾಧ್ಯತೆಗಳಿವೆ ಅಂತ ಮುಖಪುಟವೇ ಹೇಳುತ್ತೆ. ಪುಸ್ತಕ ಮಾತ್ರ ತೆಳ್ಳಗಿದೆ. ಗುಟ್ಟು ಇಷ್ಟೇ: ಬೇರೆಯಾದ ದಾರಿಗಳು ಮುಂದೆ ಮತ್ತೆ ಕೂಡುತ್ತವೆ, ಒಂದೇ ಚಿತ್ರ ಹಲವು ಕಥೆಗಳಿಗೆ ಒದಗುತ್ತೆ.

ಆದರೆ ಬರೀ ಕೂಡಿಸಿದ್ರೆ ಸಾಲದು. ಯಾವುದನ್ನು ಒತ್ತಿದರೂ ಒಂದೇ ಅಂತ ಗೊತ್ತಾದ ಕೂಡಲೇ ಮಕ್ಕಳು ಮೊಬೈಲ್ ಕೆಳಗಿಡ್ತಾರೆ. ಅದಕ್ಕೇ ಪ್ರೋಗ್ರಾಂ ಆಯ್ಕೆಯನ್ನು ನೆನಪಿಟ್ಟುಕೊಳ್ಳಬೇಕು. ಅಜ್ಜಿ ಕೊಟ್ಟ ಕೊಡೆ ತಗೊಂಡ್ರೂ ಬಿಟ್ರೂ ಹುಡುಗಿ ಅದೇ ಬಸ್ ಸ್ಟಾಪಿಗೆ ಬರಲಿ. ಮಳೆ ಬಂದಾಗ ಮಾತ್ರ ಒಬ್ಬಳು ನೆನೆಯಲಿ, ಇನ್ನೊಬ್ಬಳು ಪಕ್ಕದವರಿಗೂ ಕೊಡೆ ಹಿಡಿಯಲಿ. ಹೆಚ್ಚಿಗೆ ಬೇಕಾದದ್ದು ಒಂದೆರಡು ಚಿತ್ರ. ಓದುಗರಿಗೆ ಸಿಕ್ಕಿದ್ದು, ತಮ್ಮ ಮಾತಿಗೂ ಬೆಲೆಯಿದೆ ಅನ್ನೋ ಭಾವ.

ರಜೆಯಲ್ಲಿ ಮನೆಮಕ್ಕಳ ಜೊತೆ ಮೂರೇ ಆಯ್ಕೆ, ಎರಡೇ ಕೊನೆಯ ಒಂದು ಕಥೆ ಹೆಣೆದು ನೋಡಿ. ಕಂಪ್ಯೂಟರ್ ಆಮೇಲೆ, ಮೊದಲು ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು.