ಮಯ್ಯತ್ತಿಗೆ ನೂರು ಮಂದಿ, ಬಾಗಿಲು ತಟ್ಟಲು ಒಬ್ಬರಿಲ್ಲವೇ?

ಊರಲ್ಲಿ ಅಜ್ಜನೊಬ್ಬ ಬಿದ್ದರೆ ಇಡೀ ಕೇರಿಯೇ ಓಡಿ ಬರುತ್ತದೆ. ಇಲ್ಲಿ ಜರ್ಸಿ ಸಿಟಿಯಲ್ಲೋ ಕ್ವೀನ್ಸ್‌ನಲ್ಲೋ ಎದುರು ಬಾಗಿಲಿನ ಅಜ್ಜಿ ಎರಡು ದಿನ ಕಾಣದಿದ್ದರೂ ನಾವು ಶಿಫ್ಟಿಗೆ ಹೊರಡುತ್ತೇವೆ. ಕೇಳಿದರೆ, "ನಮಗ್ಯಾಕೆ ಮಾರಾಯ್ರೇ, ಕೇಸಾದ್ರೆ?" ಎನ್ನುತ್ತೇವೆ.

ಈ ನೆಪ ಸಾಕು. ಸದುದ್ದೇಶದಿಂದ ತುರ್ತು ನೆರವು ಕೊಟ್ಟವರನ್ನು ಕಾಯುವ 'ಗುಡ್ ಸಮರಿಟನ್' ಕಾನೂನು ನ್ಯೂಯಾರ್ಕ್, ನ್ಯೂಜರ್ಸಿ ಎರಡರಲ್ಲೂ ಇದೆ. ದುಡ್ಡಿಲ್ಲ, ವಿಮೆಯಿಲ್ಲ ಎಂದು ಆಸ್ಪತ್ರೆಯ ತುರ್ತು ವಿಭಾಗ ಯಾರನ್ನೂ ವಾಪಸ್ ಕಳಿಸುವಂತಿಲ್ಲ. 1986ರಿಂದ ಅದು ಫೆಡರಲ್ ಕಾನೂನು. ಬಿಲ್ಲು ಆಮೇಲೆ ಬರಬಹುದು, ನಿಜ. ನ್ಯೂಜರ್ಸಿಯಲ್ಲಿ ಅದಕ್ಕೆ 'ಚಾರಿಟಿ ಕೇರ್' ಅರ್ಜಿ ಇದೆ. ಹೋದ ಜೀವಕ್ಕೆ ಯಾವ ಅರ್ಜಿ?

ಈ ದೇಶದಲ್ಲಿ 65 ದಾಟಿದ ನಾಲ್ವರಲ್ಲಿ ಒಬ್ಬರು ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ. ಬಿದ್ದವರನ್ನು ರಟ್ಟೆ ಹಿಡಿದು ಎಳೆಯಬೇಡಿ. ಮೊದಲು ಮಾತಾಡಿಸಿ, ನೋವೆಲ್ಲಿ ಎಂದು ಕೇಳಿ. ತಲೆಗೆ ಪೆಟ್ಟಾಗಿದ್ದರೆ, ಸೊಂಟ ನೋಯುತ್ತಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಾದರೆ ಕೂಡಲೇ 911ಕ್ಕೆ ಫೋನ್ ಮಾಡಿ. ಕಂಬಳಿ ಹೊದಿಸಿ, ಆಂಬ್ಯುಲೆನ್ಸ್ ಬರುವವರೆಗೆ ಪಕ್ಕದಲ್ಲೇ ಕೂತಿರಿ.

ನೆರೆಯವನಿಗೆ ಆಸ್ತಿಯಲ್ಲೂ ಪಾಲು ಬರಬಹುದೇನೋ ಎಂದು ಪ್ರವಾದಿಯವರಿಗೆ (ಸ) ಅನಿಸುವಷ್ಟು ಜಿಬ್ರೀಲ್ ಆ ಹಕ್ಕನ್ನು ಒತ್ತಿ ಹೇಳಿದ್ದರೆಂದು ಮದ್ರಸದಲ್ಲಿ ಕಲಿತವರು ನಾವು. ಆ ನೆರೆಯವರು ನಮ್ಮವರೇ ಆಗಿರಬೇಕೆಂದಿಲ್ಲ.

ನಾಳೆ ಊರಿಂದ ಬಂದ ನಮ್ಮ ಉಮ್ಮ ಒಬ್ಬರೇ ಮನೆಯಲ್ಲಿದ್ದಾಗ ಬಿದ್ದರೆ, ಕೂಗು ಕೇಳಿ ಬರಬೇಕಾದವರು ಎದುರು ಬಾಗಿಲಿನವರೇ. ಇವತ್ತೇ ಹೋಗಿ ಅವರ ಬಾಗಿಲು ತಟ್ಟೋಣ.