ಮಧ್ಯಸ್ಥರಿಗೊಂದು ಯುಗಾದಿಯ ಹಾರೈಕೆ

ಯುಗಾದಿಯಂದು ರೈತನಿಗೆ ಮಳೆಬೆಳೆಯನ್ನೂ ವ್ಯಾಪಾರಿಗೆ ಲಾಭವನ್ನೂ ಮಕ್ಕಳಿಗೆ ವಿದ್ಯೆಯನ್ನೂ ಹಾರೈಸುವುದು ವಾಡಿಕೆ. ಹೊಲದ ಬದುವಿನ ತಂಟೆ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಗಂಡಹೆಂಡಿರ ಮುನಿಸು ಇವುಗಳ ನಡುವೆ ಕುಳಿತುಕೊಳ್ಳುವ ಮಧ್ಯಸ್ಥರಿಗೆ ಏನನ್ನು ಹಾರೈಸಬೇಕು?

‘ಜಯವಾಗಲಿ’ ಎಂಬ ಮಾತು ಅವರಿಗೆ ಒಪ್ಪದು. ಒಬ್ಬರ ಜಯವೆಂದರೆ ಇನ್ನೊಬ್ಬರ ಸೋಲು. ‘ನೂರು ವ್ಯಾಜ್ಯ ಬಗೆಹರಿಸಿರಿ’ ಎಂಬುದೂ ಸಲ್ಲದು. ಎಣಿಕೆಯ ಆಸೆ ಹುಟ್ಟಿದರೆ ದುರ್ಬಲರ ಮೇಲೆ ಒತ್ತಡ ಬೀಳುತ್ತದೆ. ಮಧ್ಯಸ್ಥರು ಒಪ್ಪಂದವನ್ನು ಹೇರಕೂಡದು, ಒಪ್ಪಂದ ಆಗಿಯೇ ತೀರುವುದೆಂಬ ಭರವಸೆಯನ್ನೂ ಕೊಡಕೂಡದು ಎಂದು 2023ರ ಮಧ್ಯಸ್ಥಿಕೆ ಕಾಯ್ದೆಯೇ ಹೇಳುತ್ತದೆ. ತೀರ್ಪು ನ್ಯಾಯಾಧೀಶರದು, ರಾಜಿ ಉಭಯ ಪಕ್ಷದವರದು. ಐದೇ ಊರು ಕೇಳಿದ ಕೃಷ್ಣನ ಸಂಧಾನವೂ ಮುರಿದುಬಿದ್ದಿತು. ಆದರೂ ಅವನು ಹಸ್ತಿನಾವತಿಗೆ ಹೋದದ್ದು ತಪ್ಪೆಂದು ಯಾರೂ ಎಣಿಸಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಒಂದೇ ಮುಂಜಾವಿನಲ್ಲಿ ಒಂದು ಮನೆಗೆ ಯುಗಾದಿ, ನೆರೆಮನೆಗೆ ಗುಡಿ ಪಾಡವಾ. ಬೇವು ಎರಡೂ ಮನೆಗಳಲ್ಲಿ ಕಹಿಯೇ, ಬೆಲ್ಲ ಎರಡರಲ್ಲೂ ಸಿಹಿಯೇ. ಇಂಥ ನೆಲದಲ್ಲಿ ಒಬ್ಬರ ದೂರು ಕನ್ನಡದಲ್ಲಿ, ಇನ್ನೊಬ್ಬರ ಉತ್ತರ ಮರಾಠಿಯಲ್ಲಿ ಬರುವುದುಂಟು. ಅನ್ಯಭಾಷೆಯಲ್ಲಿ ತಡವರಿಸಿದವರ ಹಕ್ಕೂ ದುರ್ಬಲವೆಂದು ತೋರಿಬಿಡುವ ಅಪಾಯ ಅಲ್ಲಿದೆ. ಕನ್ನಡ ಶಾಲೆಯ ಮಕ್ಕಳ ತಂದೆತಾಯಿಗಳು ಇದನ್ನು ಚೆನ್ನಾಗಿ ಬಲ್ಲರು.

ಆದುದರಿಂದ ಹಾರೈಕೆ ಇಷ್ಟೇ ಇರಲಿ: ಮಧ್ಯಸ್ಥರಿಗೆ ಎರಡೂ ನುಡಿಗಳನ್ನು ಆಲಿಸುವ ಕಿವಿ ದೊರೆಯಲಿ, ತಡವರಿಸುವವರ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆ ಬರಲಿ, ರಾಜಿ ಕೂಡಿಬರದ ದಿನವೂ ಅವರಿಗೆ ನೆಮ್ಮದಿಯ ನಿದ್ದೆ ಬರಲಿ.