ಮುದಿನಾಯಿಯೂ ಹೊಸ ಮನೆಯೂ

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ ಈಚಿನ ವರ್ಷಗಳಲ್ಲಿ ಗೃಹಪ್ರವೇಶದ ಆಮಂತ್ರಣಗಳಿಗೆ ಬರವಿಲ್ಲ. ದಾಬಸ್‌ಪೇಟೆಯ ಆಸುಪಾಸಿನ ರಾಗಿಯ ಹೊಲಗಳು ಒಂದೊಂದಾಗಿ ಕೈಗಾರಿಕೆಗಳ ಪಾಲಾಗಿ, ಪರಿಹಾರದ ಹಣ ಕೈಸೇರಿದ ಕುಟುಂಬಗಳು ಹೆಂಚಿನ ಮನೆಯನ್ನೂ ಕಣವನ್ನೂ ಕೊಟ್ಟಿಗೆಯನ್ನೂ ತೊರೆದು ಲೇಔಟಿನ ಹೊಸ ಮನೆಗೋ, ನೆಲಮಂಗಲದ ಮಹಡಿಗೋ, ಬೆಂಗಳೂರಿನ ಫ್ಲ್ಯಾಟಿಗೋ ಸಾಗುತ್ತಿರುವುವು. ಶಾಸ್ತ್ರದಂತೆ ಹೊಸ ಮನೆಯ ಹೊಸ್ತಿಲನ್ನು ಮೊದಲು ದಾಟಬೇಕಾದುದು ಗೋವು. ಮನೆಯಲ್ಲಿ ಗೋವಿಲ್ಲದವರು ಹಣ ತೆತ್ತಾದರೂ ಕರೆತರಿಸಿ, ನುಣುಪಾದ ಟೈಲ್ಸಿನ ಮೇಲೆ ಅದು ಕಾಲು ಜಾರದಂತೆ ಗೋಣಿತಾಟು ಹಾಸಿ, ಕುಂಕುಮವಿಟ್ಟು ಒಳಗೆ ಬರಮಾಡಿಕೊಳ್ಳುವರು. ಅಷ್ಟು ಕಾಲ ಹಳೆಯ ಮನೆಯ ಬಾಗಿಲನ್ನು ಕಾದ ನಾಯಿ ಎಲ್ಲಿ ಎಂದು ವಿಚಾರಿಸಿದರೆ, “ಅದಕ್ಕೆ ಇಲ್ಲೆಲ್ಲಿ ಜಾಗ ಐತೆ ಸ್ವಾಮಿ? ಊರಲ್ಲೇ ಬಿಟ್ಬಂದ್ವಿ. ಯಾರಾದ್ರೂ ಒಂದ್ ತುತ್ತು ಹಾಕ್ತಾರೆ” ಎಂಬ ಉತ್ತರ ಬರುವುದು.

ಈ ಮಾತನ್ನು ಕ್ರೌರ್ಯವೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಹಳ್ಳಿಯ ಬದುಕಿನಲ್ಲಿ ನಾಯಿ ಒಂದು ಮನೆಯದಾಗಿದ್ದೂ ಇಡೀ ಬೀದಿಯದಾಗಿತ್ತು. ಒಂದು ಮನೆಯಲ್ಲಿ ಮುದ್ದೆಯ ಚೂರು, ಮತ್ತೊಂದರಲ್ಲಿ ಸಾರನ್ನ, ಹಬ್ಬದ ಮಾರನೆಯ ದಿನ ಎಲ್ಲರ ಮನೆಯ ಎಲುಬು. ಒಡೆಯ ನಾಲ್ಕು ದಿನ ಪರಸ್ಥಳಕ್ಕೆ ಹೋದರೂ ಅದು ಹಸಿಯುತ್ತಿರಲಿಲ್ಲ. ಆ ವ್ಯವಸ್ಥೆಯ ಮೇಲಿನ ನಂಬಿಕೆಯೇ ಮೇಲಿನ ಉತ್ತರದಲ್ಲಿ ನುಡಿಯುತ್ತಿರುವುದು. ಕೊರತೆ ಇರುವುದು ಇಷ್ಟೆ: ತುತ್ತು ಹಾಕಬೇಕಾದ ಆ ‘ಯಾರಾದರೂ’ ತಾವೇ ಮನೆಗೆ ಬೀಗ ಹಾಕಿ ಹೊರಟಿರುವರು.

ಬಿಟ್ಟುಬಂದವರ ಮಾತು ಹಾಗಿರಲಿ. ಕರೆತಂದವರ ಮಾತೂ ವಿಚಾರಣೀಯವಾದುದೇ. ನಾಯಿಯನ್ನು ಗೂಡ್ಸ್ ಆಟೋದಲ್ಲಿ ಮಂಚ ಬೀರುಗಳ ನಡುವೆ ಕೂರಿಸಿಕೊಂಡು ಬಂದ ಸಜ್ಜನರು ತಿಂಗಳೊಪ್ಪತ್ತಿನಲ್ಲಿ, “ಅದು ಮೊದಲಿನಂಗಿಲ್ಲ, ನಮ್ಮನ್ನೇ ಮರೆತಂಗೈತೆ” ಎಂದು ಕೊರಗುವುದನ್ನು ನಾನು ಹಲವು ಮನೆಗಳಲ್ಲಿ ಕೇಳಿದ್ದೇನೆ. ನಾಯಿ ಮೂಲೆ ಹಿಡಿದು ಕೂರುವುದು, ಕರೆದರೆ ಬಾರದು, ಅಕಾಲದಲ್ಲಿ ಬೊಗಳುವುದು, ಮನೆಯೊಳಗೇ ಮೂತ್ರ ಮಾಡುವುದು, ಮುಟ್ಟಹೋದ ಮೊಮ್ಮಗುವಿನ ಮೇಲೆ ಗುರ್ರೆನ್ನುವುದು. ಇಷ್ಟು ವರ್ಷದ ಪ್ರೀತಿ ಎಲ್ಲಿ ಹೋಯಿತೆಂಬುದು ಅವರ ಪ್ರಶ್ನೆ.

ನನ್ನ ಅಭಿಪ್ರಾಯದಲ್ಲಿ ಪ್ರೀತಿ ಎಲ್ಲಿಗೂ ಹೋಗಿಲ್ಲ. ಅದನ್ನು ಇಷ್ಟುಕಾಲ ಹೊತ್ತು ನಡೆಸಿದುದು ನಾವೆಂಬ ಭಾವನೆ ಮಾತ್ರ ತಪ್ಪು. ಹಳೆಯ ಮನೆಯಲ್ಲಿ ನಮ್ಮ ನಂಟನ್ನು ದಿನದಿನವೂ ಕಾಪಾಡುತ್ತಿದ್ದುದು ಆ ಸ್ಥಳ. ಬೆಳಗಿನ ಜಾವ ಹೊಲಕ್ಕೆ ಹೊರಟವನ ಹಿಂದೆ ನಾಯಿ ತಾನಾಗಿ ಹೊರಡುತ್ತಿತ್ತು. ಕುರಿ ಮೇಯಿಸುವವನ ಜೊತೆ ಬದುವಿನ ಮೇಲೆ ಕೂರುತ್ತಿತ್ತು. ಕಣದಲ್ಲಿ ರಾಶಿಯ ಕಾವಲು, ರಾತ್ರಿ ಜಗುಲಿಯ ಕಾವಲು, ಇವೆಲ್ಲ ಅದರ ಪಾಲಿನ ಕರ್ತವ್ಯಗಳಾಗಿದ್ದುವು. ಒಡೆಯನಾದವನು ಅದರತ್ತ ವಿಶೇಷವಾಗಿ ಗಮನವೀಯದಿದ್ದರೂ, ಕೆಲಸದ ಸಹವಾಸವೇ ಸ್ನೇಹದ ಕೆಲಸವನ್ನು ಮಾಡಿಬಿಡುತ್ತಿತ್ತು. ಹೊಸ ಮನೆಯಲ್ಲಿ ಹೊಲವಿಲ್ಲ, ಜಗುಲಿಯಿಲ್ಲ; ಕಾವಲಿಗೆ ಸಿ.ಸಿ. ಕ್ಯಾಮೆರಾ ಬಂದಿದೆ. ಕರ್ತವ್ಯವನ್ನೂ ಸಹವಾಸವನ್ನೂ ಒಮ್ಮೆಗೇ ಕಳೆದುಕೊಂಡ ಮುದಿಜೀವಕ್ಕೆ ಹಳೆಯ ಸಲುಗೆ ತಾನಾಗಿ ಮುಂದುವರಿಯಬೇಕೆಂದು ಬಯಸುವುದು ಸಲ್ಲದು. ಸ್ಥಳ ಮಾಡುತ್ತಿದ್ದುದನ್ನು ಇನ್ನು ಮನುಷ್ಯರು ಬುದ್ಧಿಪೂರ್ವಕವಾಗಿ ಮಾಡತಕ್ಕದ್ದು.

ಹಾಗೆ ಮಾಡಲು ಹೊರಟವರು ಮೊದಲು ವಾರ್ಧಕ್ಯವನ್ನು ಅರಿತಿರಬೇಕು. ಹತ್ತು ವರ್ಷ ದಾಟಿದ ನಾಯಿಯ ಕಣ್ಣಿನ ಮಸೂರ ಗಡುಸಾಗಿ ನೀಲಿಯ ಮಂಜು ಕವಿದಂತೆ ಕಾಣುವುದು, ಕಿವಿ ಮಂದವಾಗುವುದು, ಕೀಲುಗಳಲ್ಲಿ ವಾತ ಸೇರುವುದು. ಹಳೆಯ ಮನೆಯಲ್ಲಿ ಈ ನ್ಯೂನತೆಗಳು ನಮಗೆ ಕಾಣುತ್ತಿರಲಿಲ್ಲ, ಏಕೆಂದರೆ ಪ್ರತಿಯೊಂದು ಮೆಟ್ಟಿಲೂ ಅದಕ್ಕೆ ಕಂಠಪಾಠವಾಗಿತ್ತು. ಸ್ಥಳ ಬದಲಾದೊಡನೆ ಅವೆಲ್ಲವೂ ಒಟ್ಟಿಗೆ ಬೆಳಕಿಗೆ ಬರುವುವು. ಕೆಲವಕ್ಕೆ ಮನುಷ್ಯರ ಮರೆವಿನ ಕಾಯಿಲೆಯನ್ನು ಹೋಲುವ ವ್ಯಾಧಿಯೂ ತಗಲಿ, ಗೋಡೆಯನ್ನು ದಿಟ್ಟಿಸುತ್ತ ನಿಲ್ಲುವುದು, ರಾತ್ರಿಯೆಲ್ಲ ಅಲೆಯುವುದು ಉಂಟು. ನಾವು ಮುನಿಸೆಂದು ತಿಳಿಯುವುದು ಅನೇಕ ವೇಳೆ ನೋವು. ಮರೆವೆಂದು ತಿಳಿಯುವುದು ಕಿವುಡು. ಆದುದರಿಂದ ಪುನಃಸ್ನೇಹದ ಮೊದಲ ಹೆಜ್ಜೆ ಪಶುವೈದ್ಯರ ಬಳಿಗೆ ಹೋಗುವುದು: ಸಮೀಪದ ಪಶು ಆಸ್ಪತ್ರೆಗೆ, ಅಲ್ಲಿ ಸಾಲದಾದರೆ 1958ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ.

ಮುಪ್ಪಿನಲ್ಲಿ ಇತರ ಇಂದ್ರಿಯಗಳು ಕೈಕೊಟ್ಟ ಮೇಲೂ ಬಹುಮಟ್ಟಿಗೆ ಉಳಿಯುವುದು ಘ್ರಾಣ. ನಾಯಿಗೆ ಊರೆಂದರೆ ವಾಸನೆಗಳ ಸಮುದಾಯ. ಹೊಸ ಮನೆಗೆ ಹೊಸ ಚಾಪೆ, ಹೊಸ ಬೋಗುಣಿಗಳನ್ನು ತರುವ ಉತ್ಸಾಹದಲ್ಲಿ ಅದರ ಹಳೆಯ ಗೋಣಿಚೀಲವನ್ನು ಎಸೆಯುವುದಾಗಲಿ, ಒಗೆದು ಫಿನಾಯಿಲಿನಲ್ಲಿ ಅದ್ದುವುದಾಗಲಿ ಕೂಡದು. ಹಳೆಯ ತಟ್ಟೆ, ಹಳೆಯ ಹೊತ್ತು, ಊಟವಿಡುವ ಹಳೆಯ ಕೈ, ಇವು ಮೂರೂ ಉಳಿಯಬೇಕು. ಕಿವಿ ಮಂದವಾದುದನ್ನು ಹಿಂದಿನಿಂದ ಮುಟ್ಟದೆ, ಎದುರಿಗೆ ಬಂದು ಕೈಯನ್ನು ಮೂಸಲು ಕೊಟ್ಟು ಮಾತನಾಡಿಸಬೇಕು. ಗೃಹಪ್ರವೇಶದ ಗೋವಿಗೆ ಹಾಸಿದ ಗೋಣಿತಾಟನ್ನು ಕೀಲುನೋವಿನ ನಾಯಿಗೂ ಹಾಸಿದರೆ ಯಾವ ಶಾಸ್ತ್ರಕ್ಕೂ ಭಂಗವಿಲ್ಲ. ಕೆಲವು ಕಾಲ ಹಗ್ಗವಿಲ್ಲದೆ ಹೊರಗೆ ಬಿಡಕೂಡದು. ಹಳೆಯ ಮನೆಯನ್ನು ಹುಡುಕಿ ಹೊರಟ ನಾಯಿಗೆ ತುಮಕೂರು ಹೆದ್ದಾರಿಯನ್ನು ದಾಟುವುದು ಸಾಧ್ಯವಾದೀತೆ? ಶಿವಗಂಗೆಯ ತಪ್ಪಲಿನ ಕಡೆ ಮನೆ ಮಾಡಿದವರು ರಾತ್ರಿ ಅದನ್ನು ಹೊರಗೆ ಕಟ್ಟಿಹಾಕಲೂ ಕೂಡದು. ಚಿರತೆಗೆ ಕಟ್ಟಿದ ಮುದಿನಾಯಿಗಿಂತ ಸುಲಭದ ಆಹಾರವಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಅದಕ್ಕೊಂದು ಹೊಸ ಕರ್ತವ್ಯವನ್ನು ಕೊಡಬೇಕು. ಸಂಜೆ ಹಾಲು ತರಲು ಹೋಗುವವರ ಜೊತೆ ನಿಧಾನವಾಗಿ ನಡೆದು, ಕಂಬ ಕಂಬಕ್ಕೂ ಮೂಸಿ ಬರುವಷ್ಟಾದರೂ ಸಾಕು. ಹೊಲದ ಹಾದಿ ಹೊಸೆದಿದ್ದ ನಂಟನ್ನು ಈ ಬೀದಿ ಮತ್ತೆ ಹೊಸೆಯಬಲ್ಲುದು.

ಮುದಿ ವಯಸ್ಸಿನಲ್ಲಿ ಇದೆಲ್ಲ ಫಲಿಸೀತೆ ಎಂಬ ಸಂಶಯಕ್ಕೆ ವಿಜ್ಞಾನ ಆಶಾದಾಯಕವಾದ ಉತ್ತರವನ್ನೇ ಕೊಡುತ್ತದೆ. 2001ರಲ್ಲಿ ಹಂಗೇರಿಯ ವಿಜ್ಞಾನಿಗಳು ಆಶ್ರಯಧಾಮದ ಬೆಳೆದ ನಾಯಿಗಳನ್ನು ಪರೀಕ್ಷಿಸಿ, ಅಪರಿಚಿತನೊಬ್ಬ ಮೂರು ಅಲ್ಪಾವಧಿಯ ಭೇಟಿಗಳಲ್ಲಿ ಆದರದಿಂದ ನಡೆಸಿಕೊಂಡರೆ ಸಾಕು, ಅವನಲ್ಲಿ ಅವು ಮಮತೆಯ ಲಕ್ಷಣಗಳನ್ನು ತೋರತೊಡಗುವುವೆಂದು ಕಂಡರು. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು, ನಾಯಿಯೂ ಒಡೆಯನೂ ಪರಸ್ಪರ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲಿಯೂ ಆಕ್ಸಿಟೋಸಿನ್ ಎಂಬ ವಾತ್ಸಲ್ಯದ ರಸ ಹೆಚ್ಚುವುದೆಂದು ತೋರಿಸಿಕೊಟ್ಟರು. ಅಪರಿಚಿತನಿಗೆ ಅಷ್ಟು ಬೇಗ ಒಲಿಯುವ ಜಾತಿ, ಒಂದು ಆಯುಸ್ಸನ್ನೇ ಜೊತೆಯಲ್ಲಿ ಕಳೆದವರಿಗೆ ಒಲಿಯದಿರುವುದೆ?

ಕನ್ನಡ ನಾಡಿನ ಸಾಕ್ಷ್ಯ ಇನ್ನೂ ಹಳೆಯದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ವೀರಗಲ್ಲು, ಕಾಳಿಯೆಂಬ ನಾಯಿಯ ಕಥೆಯನ್ನು ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನೆಂಬವನನ್ನು ಅವನ ಒಡೆಯನಾದ ಅರಸನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಆ ವೀರನು ಬೇಡಿದ್ದು ಕಾಳಿಯನ್ನು. ಅರಸನಲ್ಲಿದ್ದ ಅದು ಮಣಲೆರನದಾಗಿ, ಮುಂದೆ ದೊಡ್ಡದೊಂದು ಹಂದಿಯೊಡನೆ ಸೆಣಸಿ ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಇಲ್ಲಿ ನಾವು ಗಮನಿಸಬೇಕಾದುದು ಕಾಳಿಯ ಶೌರ್ಯವನ್ನಲ್ಲ, ಅದು ಹೊಸ ಮನೆಗೆ ಬಂದ ಬಗೆಯನ್ನು. ಅದನ್ನು ಬೇಡಿ ಪಡೆದಿದ್ದರು. ನಮ್ಮ ಮುದಿನಾಯಿಗಳಾದರೋ ಹೊಸ ಮನೆಗೆ ಸಾಮಾನಿನೊಡನೆ ಬರುವುವು. ಬೇಕೆಂದು ಕರೆಯಿಸಿಕೊಂಡ ಗೌರವ ಅವಕ್ಕಿಲ್ಲ.

ಈ ಗೌರವವನ್ನು ಮನೆಯವರ ಔದಾರ್ಯಕ್ಕೆ ಮಾತ್ರ ಬಿಟ್ಟರೆ ಸಾಲದು. ಪ್ರಾಣಿಗಳನ್ನು ಹಸಿವು ನೀರಡಿಕೆಗಳಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ ಪ್ರಕಾರ ಅಪರಾಧವೇ ಸರಿ. ಆದರೆ ಮೊದಲ ಬಾರಿಗೆ ವಿಧಿಸುವ ದಂಡ 10 ರೂಪಾಯಿಯಿಂದ 50 ರೂಪಾಯಿಯವರೆಗೆ. ಬಿಟ್ಟುಬಂದ ನಾಯಿಯನ್ನು ನೋಡಿಬರಲು ಊರಿಗೆ ಹೋಗುವ ಬಸ್ಸಿನ ಖರ್ಚೇ ಇದಕ್ಕಿಂತ ಹೆಚ್ಚು. ಭೂಸ್ವಾಧೀನದಲ್ಲಿ ಮರಗಳಿಗೂ ಬಾವಿಗೂ ಕಟ್ಟಡಕ್ಕೂ ಬೆಲೆ ಕಟ್ಟುವ ಅಧಿಕಾರಿಗಳು ಊರಿನ ನಾಯಿಗಳನ್ನೂ ಎಣಿಸಿ, ಲಸಿಕೆ ಹಾಕಿಸಿ, ಉಳಿದವುಗಳ ಹೊಣೆಯನ್ನು ಗ್ರಾಮ ಪಂಚಾಯಿತಿಗೆ ಒಪ್ಪಿಸಿದರೆ ಯೋಜನೆಯ ವೆಚ್ಚದಲ್ಲಿ ಅದು ಕಾಣಿಸುವಷ್ಟೂ ದೊಡ್ಡದಲ್ಲ. ಫ್ಲ್ಯಾಟಿನ ಸಂಘಗಳು ಸಾಕುನಾಯಿಯನ್ನು ನಿಷೇಧಿಸಕೂಡದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ತಿಳಿಸಿರುವುದನ್ನು ಹೊಸದಾಗಿ ಪಟ್ಟಣ ಸೇರುವ ರೈತ ಕುಟುಂಬಗಳು ಅರಿತಿರಬೇಕು.

ಮನುಷ್ಯರೇ ನೆಲೆ ತಪ್ಪಿ ನಿಂತಿರುವಾಗ ನಾಯಿಯ ಚಿಂತೆ ಯಾರಿಗೆ ಎಂದು ಆಕ್ಷೇಪಿಸುವವರು, ಅದೇ ಹೊಸ ಮನೆಯ ಒಳಕೋಣೆಯಲ್ಲಿ ಕುಳಿತಿರುವ ಅಜ್ಜಿಯನ್ನು ನೋಡಲಿ. ಜಗುಲಿಯ ಮಾತುಕತೆಯನ್ನೂ ಹಿತ್ತಲ ಕೆಲಸವನ್ನೂ ಕಳೆದುಕೊಂಡ ಆಕೆಯೂ ಇದೇ ಸ್ಥಿತಿಯಲ್ಲಿರುವಳು. ನಾಯಿಗೆ ಹೊತ್ತು ಹೊತ್ತಿಗೆ ಅನ್ನವಿಡುವ ಕೆಲಸವನ್ನು ಆಕೆಗೆ ವಹಿಸಿದ ಮನೆಗಳಲ್ಲಿ ಇಬ್ಬರೂ ಚೇತರಿಸಿಕೊಂಡುದನ್ನು ನಾನು ಬಲ್ಲೆ. ಮನೆ ಕಟ್ಟುವವರು ದೇವರ ಕೋಣೆಗೆ ಈಶಾನ್ಯವನ್ನೂ ಒಲೆಗೆ ಆಗ್ನೇಯವನ್ನೂ ವಾಸ್ತುವಿನಂತೆ ಗೊತ್ತುಮಾಡುವಾಗಲೇ, ಮೆಟ್ಟಿಲು ಹತ್ತಲಾಗದ ಜೀವಕ್ಕೆಂದು ನೆಲಮಟ್ಟದಲ್ಲಿ ಗಾಳಿ ನೆರಳುಗಳಿರುವ ಮೂಲೆಯೊಂದನ್ನು ನಕ್ಷೆಯಲ್ಲಿ ಬರೆಯಿಸಲಿ. ಗೃಹಪ್ರವೇಶದ ಮುಹೂರ್ತಕ್ಕೆ ಮುನ್ನವೇ ನಾಯಿಯನ್ನು ಕರೆತಂದು ಆ ಮೂಲೆಯ ಪರಿಚಯ ಮಾಡಿಸಲಿ. ಅಷ್ಟು ಸಿದ್ಧತೆಯಾದ ಮೇಲೆ ಗೋವಿನ ಪ್ರವೇಶವಾಗುವುದಕ್ಕೆ ನಮ್ಮದೇನೂ ಅಡ್ಡಿಯಿಲ್ಲ.